ಬೇಸಿಗೇಲಿ ಟ್ಯಾಂಕರ್, ಮಳೆ ಬಂದ್ರೆ ಮೊಣಕಾಲುದ್ದ ನೀರು. ಅಸೋಸಿಯೇಷನ್ ದುಡ್ಡನ್ನ ಯಾವುದಕ್ಕೆ ಹಾಕೋದು?

ಹೆಣ್ಣೂರಾಚೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಆಮೇಲೆ ಹೇಳಿ.

ನಮ್ದು ಬೆಂಗಳೂರಿನ ಹೆಣ್ಣೂರು ಆಚೆ ಒಂದು ಹಳೇ ರೆವಿನ್ಯೂ ಲೇಔಟ್, ಸುಮಾರು 120 ಮನೆ, ಜಾಸ್ತಿ ಎಲ್ಲಾ ತರ್ಟಿ ಫಾರ್ಟಿ ಸೈಟುಗಳೇ. ಜಾಗ ಇಳಿಜಾರು. ಮೇಲ್ಗಡೆ ಎರಡು ದೊಡ್ಡ ಅಪಾರ್ಟ್‌ಮೆಂಟ್ ಎದ್ದಿವೆ, ಮೊದಲು ಅದು ರಾಗಿ ಹೊಲ. ಕೆಳಗಡೆ ಕಾಲುವೆ ಪಕ್ಕ ಶೀಟ್ ಮನೆಗಳ ಒಂದು ಸಾಲಿದೆ, ಅಲ್ಲಿರೋರು ಗಾರ್ಮೆಂಟ್ಸ್‌ಗೆ ಹೋಗೋರು, ಗಾರೆ ಕೆಲಸದೋರು, ರಾಯಚೂರು ಯಾದಗಿರಿ ಕಡೆಯಿಂದ ಬಂದೋರು, ನಮ್ಮ ಮನೆಗಳಿಗೆ ಕೆಲಸಕ್ಕೆ ಬರೋರೂ ಅವರೇ.

2024ರ ಬೇಸಿಗೆಲಿ ನಮ್ಮ ಲೇಔಟಿನ ಎರಡು ಬೋರೂ ಕೈಕೊಟ್ವು, ಟ್ಯಾಂಕರ್‌ಗೆ ಫೋನ್ ಮಾಡಿದ್ರೆ ಎರಡು ದಿನ ಬಿಟ್ಟು ಬರ್ತೀವಿ ಅನ್ನೋರು, ರೇಟು ಅವರು ಹೇಳಿದ್ದೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೆಳಗಿನ ಎರಡು ಕ್ರಾಸ್‌ಗೆ ನೀರು ನುಗ್ಗಿ ಸಂಪು ಒಳಗೆಲ್ಲ ಮೋರಿ ನೀರು ಸೇರ್ಕೊಂಡು, ಒಂದು ಮನೇಲಿ ವಯಸ್ಸಾದ ಅಮ್ಮ ಒಬ್ಬರೇ ಇದ್ರು, ಅವರನ್ನ ಹುಡುಗ್ರು ಕುರ್ಚಿ ಸಮೇತ ಎತ್ಕೊಂಡು ಮೇಲಿನ ಕ್ರಾಸ್‌ಗೆ ತಂದ್ರು. ಆರೇಳು ತಿಂಗಳ ಹಿಂದೆ ಕುಡಿಯೋಕೆ ನೀರಿಲ್ಲ ಅಂತ ಇದ್ದ ಜಾಗ ಇದೇ. ಕಾವೇರಿ ಪೈಪ್ ಎಳೆದಿದ್ದಾರೆ, ಆದ್ರೆ ಕನೆಕ್ಷನ್‌ಗೆ ದುಡ್ಡು ಕಟ್ಟೋಕೆ ಅರ್ಧ ಜನ ಇನ್ನೂ ಯೋಚನೆ ಮಾಡ್ತಾ ಇದ್ದಾರೆ.

ಈಗ ವಿಷಯ ಏನಂದ್ರೆ ಅಸೋಸಿಯೇಷನ್ ಹತ್ರ ಸುಮಾರು 6 ಲಕ್ಷ ಇದೆ. ಮೀಟಿಂಗ್‌ನಲ್ಲಿ ಒಂದು ಗುಂಪು ಮೂರನೇ ಬೋರ್ ಕೊರೆಸೋಣ, 1,200 ಅಡಿ ಹೋದ್ರೆ ಸಿಗುತ್ತೆ ಅಂತಿದೆ. ಇನ್ನೊಂದು ಗುಂಪು ರಸ್ತೆ ಎರಡಡಿ ಎತ್ತರಿಸಿ ಮೇಲಿನ ಕಡೆ ಗೋಡೆ ಹಾಕೋಣ, ನೀರು ಒಳಗೇ ಬರಬಾರದು ಅಂತಿದೆ. ನನಗೆ ಎರಡೂ ಸರಿ ಅನ್ನಿಸ್ತಿಲ್ಲ, ಯಾಕಂದ್ರೆ ಮುಂದಿನ ಹತ್ತು ಹದಿನೈದು ವರ್ಷ ಬಿಸಿಲೂ ಜಾಸ್ತಿ ಮಳೆನೂ ಹುಚ್ಚಾಪಟ್ಟೆ ಅಂತ ಎಲ್ರೂ ಹೇಳ್ತಿರುವಾಗ ನಾವು ಒಂದು ವರ್ಷದ ತಾಪತ್ರಯಕ್ಕೆ ಮದ್ದು ಹುಡುಕ್ತಾ ಇದೀವಿ. ಆದ್ರೆ ಇದರ ಬದಲು ಏನು ಮಾಡಬೇಕು ಅಂತ ಮೀಟಿಂಗ್‌ನಲ್ಲಿ ಎದ್ದು ನಿಂತು ಹೇಳೋಕೆ ನನ್ನ ಹತ್ರ ಗಟ್ಟಿಯಾಗಿ ಏನೂ ಇಲ್ಲ. ನಿಮ್ಮ ಏರಿಯಾದಲ್ಲಿ ಜನ ಸೇರಿ ಏನಾದ್ರೂ ಮಾಡಿದ್ದು, ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಇದ್ರೆ ಹೇಳಿ.

ಮಳೆಲೆಕ್ಕ:

ಸರ್, ಮೂರನೇ ಬೋರ್ ಮಾತ್ರ ದಯವಿಟ್ಟು ಬೇಡ. 2024ರಲ್ಲಿ ಜಲಮಂಡಳಿಯ ಹತ್ತಿರ ಹತ್ತಿರ 14 ಸಾವಿರ ಬೋರ್‌ಗಳಲ್ಲಿ 6,900 ಬತ್ತಿದ್ವು ಅಂತ ಸರ್ಕಾರನೇ ಹೇಳ್ತು, ಅಂದ್ರೆ ಅರ್ಧ. ಕೆಳಗಡೆ ಇರೋದು ಗಟ್ಟಿ ಬಂಡೆ, ನೀರು ಇರೋದು ಅದರ ಬಿರುಕುಗಳಲ್ಲಿ, ನೀವು 1,200 ಅಡಿಗೆ ಹೋದ್ರೆ ಪಕ್ಕದವರು 1,400ಕ್ಕೆ ಹೋಗ್ತಾರೆ, ಅಷ್ಟೇ.

ಮೊದಲು ನಿಮ್ಮ ತಲೆ ಮೇಲೆ ಬೀಳೋ ನೀರಿನ ಲೆಕ್ಕ ಹಾಕಿ, ಇದನ್ನ ಮೀಟಿಂಗ್‌ನಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಮೀ ಮಳೆ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಮೀ ಬಿದ್ರೆ ಒಂದು ಲೀಟರ್. ತರ್ಟಿ ಫಾರ್ಟಿ ಸೈಟಲ್ಲಿ ತಾರಸಿ ಸಾವಿರ ಚದರಡಿ ಅಂತ ಇಟ್ಕೊಳ್ಳಿ, ಅಂದ್ರೆ 93 ಚದರ ಮೀಟರ್, ವರ್ಷಕ್ಕೆ ಸುಮಾರು 90 ಸಾವಿರ ಲೀಟರ್. ಅದರಲ್ಲಿ ಒಂದಷ್ಟು ಆವಿ ಆಗಿ, ಮೊದಲ ಮಳೆಯ ಕೊಳೆ ನೀರು ಬಿಟ್ಟು, 75 ಸಾವಿರ ಕೈಗೆ ಸಿಕ್ಕಿದ್ರೂ 120 ಮನೆಗೆ 90 ಲಕ್ಷ ಲೀಟರ್. ಆರು ಸಾವಿರ ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 1,500 ಲೋಡು. ಅದಕ್ಕೆಲ್ಲ ನೀವೀಗ ಎರಡು ಸಲ ದುಡ್ಡು ಕೊಡ್ತಾ ಇದೀರ, ಮೊದಲು ಮೋರಿಗೆ ಬಿಟ್ಟು ಮನೆ ಮುಳುಗಿಸ್ಕೊಂಡು, ಆಮೇಲೆ ಬೇಸಿಗೇಲಿ ಟ್ಯಾಂಕರ್ ತರಿಸ್ಕೊಂಡು.

ನಮ್ಮೂರಿನ ಮಳೆಯ ಒಂದು ಒಳ್ಳೇ ಗುಣ ಏನಂದ್ರೆ ಅದು ಮುಂಬೈ ತರ ಮೂರು ತಿಂಗಳಲ್ಲಿ ಸುರಿದು ಹೋಗಿಬಿಡಲ್ಲ. ಏಪ್ರಿಲ್ ಮೇ ಗುಡುಗು ಮಳೆಯಿಂದ ಹಿಡಿದು ಹಿಂಗಾರು ಮುಗಿಯೋವರೆಗೂ ಬಂದು ಹೋಗಿ ಮಾಡುತ್ತೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಜೋರು. ಅದಕ್ಕೇ ಸಣ್ಣ ಸಂಪು ಇದ್ರೂ ವರ್ಷದಲ್ಲಿ ಎಷ್ಟೋ ಸಲ ತುಂಬುತ್ತೆ, ಖಾಲಿ ಆಗುತ್ತೆ, ಮತ್ತೆ ತುಂಬುತ್ತೆ. ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಅವರ ಮನೆ ಗೊತ್ತಿರಬಹುದು, 90ರ ದಶಕದಿಂದ ಜಲಮಂಡಳಿ ಕನೆಕ್ಷನ್ನೇ ಇಲ್ಲದೆ ಮಳೆನೀರಲ್ಲೇ ಸಂಸಾರ ಮಾಡ್ತಾ ಇದ್ದಾರೆ. ಎಲ್ರೂ ಅಷ್ಟು ಮಾಡೋಕಾಗಲ್ಲ, ಬೇಕಾಗೂ ಇಲ್ಲ. ತಾರಸಿ ಪೈಪಿಗೆ ಒಂದು ಫಿಲ್ಟರ್ ಹಾಕಿ ಸಂಪಿಗೆ ಬಿಡಿ, ಸಂಪು ತುಂಬಿದ ಮೇಲೆ ಉಕ್ಕೋದನ್ನ ಇಂಗುಬಾವಿಗೆ ಬಿಡಿ.

ಇಂಗುಬಾವಿ ಅಂದ್ರೆ ಮೂರಡಿ ಅಗಲ, ಇಪ್ಪತ್ತಡಿ ಆಳ, ಒಳಗೆ ಸಿಮೆಂಟ್ ರಿಂಗು, ಮೇಲೆ ಮುಚ್ಚಳ. ಒಂದರಲ್ಲಿ ಸುಮಾರು 4,000 ಲೀಟರ್ ನಿಲ್ಲುತ್ತೆ, ನಿಂತಿದ್ದು ಇಳೀತಾ ಇರುತ್ತೆ. 60 ಮನೇಲಿ ಮಾಡಿದ್ರೆ ಒಂದು ಜೋರು ಮಳೆಯ ಮೊದಲ 2 ಲಕ್ಷದ 40 ಸಾವಿರ ಲೀಟರ್ ನಿಮ್ಮ ಕೆಳಗಿನ ಕ್ರಾಸ್‌ಗೆ ಹೋಗೋದೇ ಇಲ್ಲ. ಖರ್ಚು ಮಣ್ಣಿನ ಮೇಲೆ ಹೋಗುತ್ತೆ, ನಮ್ಮ ಕಡೆ ಒಂದಕ್ಕೆ ನಲವತ್ತು ಐವತ್ತು ಸಾವಿರ ಆಯ್ತು, ನೀವು ಎರಡು ಮೂರು ಕಡೆ ವಿಚಾರಿಸಿ. ಒಂದು ಮಾತು ಮುಂಚೇನೇ ಹೇಳಿಬಿಡ್ತೀನಿ, ಇದ್ರಿಂದ ನಿಮ್ಮ ಬತ್ತಿರೋ ಆಳದ ಬೋರು ಮುಂದಿನ ವರ್ಷನೇ ತುಂಬುತ್ತೆ ಅಂತ ಯಾರಿಗೂ ಮಾತು ಕೊಡಬೇಡಿ. ಮೊದಲು ಏರೋದು ಮೇಲಿನ ಪದರದ ನೀರು, ಹಳೇ ತೆರೆದ ಬಾವಿಗಳಲ್ಲಿ ಕಾಣೋದು ಅದೇ.

ಏರಿ ಮೇಲಿನವ:

ಮೇಲಿನವರ ಲೆಕ್ಕ ಸರಿ ಇದೆ, ಆದ್ರೆ ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ನಿಮ್ಮ ಲೇಔಟ್ ಒಂದು ದ್ವೀಪ ಅಲ್ಲ ಸರ್. ನೀವು ಹೆಬ್ಬಾಳ ಕಣಿವೆಯ ದಾರಿಲಿದೀರ. ಹೆಬ್ಬಾಳ ಕೆರೆ ಕೋಡಿ ಬಿದ್ರೆ ನಾಗವಾರಕ್ಕೆ, ಅಲ್ಲಿಂದ ಮುಂದೆ ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪ ಶೆಟ್ಟಿ ಕೆರೆ, ಕೊನೆಗೆ ದಕ್ಷಿಣ ಪಿನಾಕಿನಿ. ಊರಲ್ಲಿ ನದಿ ಇಲ್ಲ ಅಂತಲೇ ಹಳಬರು ಒಂದರ ಕೆಳಗೆ ಒಂದು ಕೆರೆ ಕಟ್ಟಿ ಮಧ್ಯ ಕಾಲುವೆ ಬಿಟ್ಟಿದ್ದು. ತೂಬು ಎತ್ತೋಕೆ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡ್ಕೊಳ್ಳೋಕೆ ನೀರುಗಂಟಿ ಇರೋರು, ನಮ್ಮ ತಾತನ ಕಾಲದಲ್ಲಿ ಹೂಳು ತೆಗೆಯೋಕೆ ಮನೆಗೊಬ್ಬರು ಹೋಗಲೇಬೇಕಿತ್ತು. ಮೇಲಿನ ಕೆರೆಯವರು ಏರಿ ಕೆಡಿಸ್ಕೊಂಡ್ರೆ ಕೆಳಗಿನವರ ಬೆಳೆ ಹೋಗೋದು, ಅದಕ್ಕೇ ಮಾತುಕತೆ ಇರ್ತಿತ್ತು ಊರೂರಿಗೆ. ಈಗ ನೀರು ಹಂಗೇ ಹರೀತಿದೆ, ಮಾತುಕತೆ ನಿಂತೋಗಿದೆ.

ನೀವು ರಸ್ತೆ ಎತ್ತರಿಸಿ ಗೋಡೆ ಹಾಕಿದ್ರೆ ನೀರು ಎಲ್ಲಿಗೆ ಹೋಗುತ್ತೆ? ಆ ಶೀಟ್ ಮನೆಗಳಿಗೆ ಹೋಗುತ್ತೆ. ಜೊತೆಗೆ ನಿಮ್ಮದೇ ಹಳೇ ಮನೆಗಳು ರಸ್ತೆಗಿಂತ ಕೆಳಗಾಗುತ್ವೆ, ಆಮೇಲೆ ಸಣ್ಣ ಮಳೆಗೂ ಗೇಟಿನೊಳಗೆ ನೀರು. ಎಷ್ಟೊಂದು ಏರಿಯಾದಲ್ಲಿ ಡಾಂಬರ್ ಮೇಲೆ ಡಾಂಬರ್ ಹಾಕಿ ಇದೇ ಆಗಿರೋದು.

ಹಾಗಾಗಿ ದುಡ್ಡು ಖರ್ಚು ಮಾಡೋ ಮುಂಚೆ ಒಂದು ಕೆಲಸ ಮಾಡಿ, ಇದಕ್ಕೆ ಕಾಸು ಬೇಡ. ನಿಂತ ಜಾಗದ ಸರ್ವೆ ನಂಬರ್ ತೋರಿಸೋ ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ, ನಿಮ್ಮ ಸರ್ವೆ ನಂಬರ್ ತೆಗೀರಿ, ಜೊತೆಗೆ ಹಳೇ ವಿಲೇಜ್ ಮ್ಯಾಪ್ ಒಂದು ತಗೊಳ್ಳಿ, ಅದರಲ್ಲಿ ಕಾಲುವೆ ಗೆರೆ ಇರುತ್ತೆ. ಮಳೆ ಬರ್ತಿರೋ ದಿನ, ಆಗಲಿಲ್ಲ ಅಂದ್ರೆ ಮಳೆ ನಿಂತ ತಕ್ಷಣ, ನಾಲ್ಕೈದು ಜನ ಛತ್ರಿ ಹಿಡ್ಕೊಂಡು ಮೇಲಿಂದ ಕೆಳಗೆ ನಡೀರಿ. ಅಪಾರ್ಟ್‌ಮೆಂಟಿನ ನೀರು ಯಾವ ಪೈಪಲ್ಲಿ ಹೊರಗೆ ಬರ್ತಿದೆ, ಎಲ್ಲಿ ಮೋರಿ ಅಗಲ ನಾಲ್ಕಡಿಯಿಂದ ಒಂದೂವರೆ ಅಡಿಗೆ ಇಳಿದಿದೆ, ಎಲ್ಲಿ ಕೇಬಲ್ ಬಂಡಲ್ಲು ಅಡ್ಡ ಕೂತು ಅದಕ್ಕೆ ಪ್ಲಾಸ್ಟಿಕ್ ಸುತ್ಕೊಂಡಿದೆ, ಎಲ್ಲಿ ಕಟ್ಟಡದ ಡೆಬ್ರಿಸ್ ಸುರಿದಿದ್ದಾರೆ, ಎಲ್ಲಾದಕ್ಕೂ ಫೋಟೋ ಹೊಡ್ಕೊಂಡು ಮ್ಯಾಪ್ ಮೇಲೆ ಗುರುತು ಹಾಕಿ. ಎಷ್ಟೋ ಸಲ ಇಡೀ ಏರಿಯಾ ಮುಳುಗೋದು ಒಂದೇ ಒಂದು ಕಿರಿದಾದ ಜಾಗದಿಂದ. ಹೊರಮಾವು ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮುಳುಗಿದಾಗ ಎಲ್ಲರೂ ಬೊಟ್ಟು ಮಾಡಿದ್ದು ರೈಲ್ವೆ ಹಳಿ ಕೆಳಗಿನ ಸಣ್ಣ ಕಿಂಡಿಯನ್ನ, ಕಾಲುವೆ ಅಗಲ ಇದ್ದು ಕಿಂಡಿ ಕಿರಿದಾಗಿದ್ರೆ ನೀರು ಹಿಂದಕ್ಕೇ ಒತ್ತೋದು.

ಆ ನಡಿಗೆಗೆ ಮೇಲಿನ ಅಪಾರ್ಟ್‌ಮೆಂಟ್‌ನವರನ್ನೂ ಕೆಳಗಿನ ಸಾಲಿನವರನ್ನೂ ಕರೀರಿ. ಕೆಳಗಿನವರಿಗೆ ನೀರು ಎಷ್ಟು ಗಂಟೆಗೆ ಎಲ್ಲಿಂದ ಬರುತ್ತೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ತೆರಿಗೆದಾರ:

ಎಲ್ಲಾ ಸರಿ, ಆದ್ರೆ ನನಗೊಂದು ಅರ್ಥ ಆಗ್ತಿಲ್ಲ, ಇದೆಲ್ಲ ನಾವ್ಯಾಕೆ ಮಾಡಬೇಕು? ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಿ, ಅದರಲ್ಲಿ ಸೆಸ್ ಬೇರೆ ಕಟ್ತೀವಿ, ಕಾಲುವೆ ಒತ್ತುವರಿ ಬಿಡಿಸೋದು, ಹೂಳೆತ್ತೋದು ಯಾರ ಕೆಲಸ? 2022ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ 130 ಮಿಮೀ ಬಿದ್ದು ಸರ್ಜಾಪುರ ರಸ್ತೆ ಕಡೆ ಕೋಟಿ ಕೋಟಿ ಬೆಲೆಯ ಮನೆಯವರೇ ಟ್ರ್ಯಾಕ್ಟರ್ ಹತ್ತಿ ಆಚೆ ಬಂದ್ರು, ಅಂಥವರ ಕೈಲೇ ಆಗಿಲ್ಲ ಅಂದ್ಮೇಲೆ 6 ಲಕ್ಷ ಇಟ್ಕೊಂಡು ಒಂದು ಅಸೋಸಿಯೇಷನ್ ಏನು ಮಾಡುತ್ತೆ? ಜನ ತಾವೇ ಮಾಡ್ಕೊಳ್ತಾರೆ ಅಂತ ಗೊತ್ತಾದ್ರೆ ಮಾಡಬೇಕಾದವರು ಇನ್ನೂ ಆರಾಮಾಗಿ ಕೂರ್ತಾರೆ ಅನ್ನೋದು ನನ್ನ ಭಯ. ಕೋಪಕ್ಕೆ ಹೇಳ್ತಿಲ್ಲ, ನಿಜವಾಗ್ಲೂ ಕೇಳ್ತಾ ಇದೀನಿ.

ಹೆಣ್ಣೂರಾಚೆ:

ತೆರಿಗೆದಾರ ಅವರೇ, ನಮ್ಮ ಮೀಟಿಂಗ್‌ನಲ್ಲೂ ಇದೇ ಪ್ರಶ್ನೆ ಬರುತ್ತೆ, ನೀವು ಕೇಳಿದ್ದು ಒಳ್ಳೇದಾಯ್ತು, ಯಾರಾದ್ರೂ ಉತ್ತರ ಕೊಡಿ. ಏರಿ ಮೇಲಿನವ ಅವರು ಹೇಳಿದ ನಡಿಗೆ ತುಂಬಾ ಹಿಡಿಸ್ತು. ಗೋಡೆ ಹಾಕಿದ್ರೆ ನೀರು ಕೆಳಗಿನ ಸಾಲಿಗೆ ಹೋಗುತ್ತೆ ಅನ್ನೋದನ್ನ ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆ ಮನೆಗಳ ಬಗ್ಗೆ ಬೇರೆ ಏನಾದ್ರೂ ಮಾಡೋಕಾಗುತ್ತಾ? ಬೇಸಿಗೇಲಿ ಅಲ್ಲಿ ಒಳಗೆ ನಿಲ್ಲೋಕಾಗಲ್ಲ.

ಅಂಗನವಾಡಿ ಟೀಚರ್:

ಸರ್, ಕೊನೇ ಸಾಲು ನೋಡಿ ಬರೀತಾ ಇದೀನಿ. ನಾನು ಕೆಲಸ ಮಾಡೋ ಕಡೆನೂ ಇಂಥದ್ದೇ ಶೀಟ್ ಮನೆಗಳು. ಹವಾಮಾನ ಬದಲಾವಣೆ ಅಂದ್ರೆ ಎಲ್ರೂ ಪ್ರವಾಹದ ಬಗ್ಗೆನೇ ಮಾತಾಡ್ತಾರೆ, ಯಾಕಂದ್ರೆ ಅದು ಟಿವಿಲಿ ಕಾಣುತ್ತೆ. ಬಿಸಿಲು ಕಾಣಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ 39.2 ಡಿಗ್ರಿ ಆಗಿತ್ತು, 2024ರ ಏಪ್ರಿಲ್ ಕೊನೇಲಿ 38.5 ಆಯ್ತು. ಇದು ನೆರಳಲ್ಲಿ ಅಳೆದಿದ್ದು. ತಗಡು ಶೀಟಿನ ಕೆಳಗೆ, ಒಂದೇ ಕಿಟಕಿ ಇರೋ ರೂಮಲ್ಲಿ, ಅಲ್ಲೇ ಸ್ಟೌ ಉರೀತಿದ್ರೆ ಎಷ್ಟಿರುತ್ತೆ ಯೋಚನೆ ಮಾಡಿ. ಮಧ್ಯಾಹ್ನ ಆ ಶೀಟನ್ನ ಒಳಗಿಂದ ಮುಟ್ಟೋಕೆ ಹೋದ್ರೆ ಕೈ ಹಿಂದಕ್ಕೆ ಎಳ್ಕೋತೀವಿ. ಕೂಸುಗಳ ಬೆನ್ನು ಕತ್ತೆಲ್ಲ ಬೆವರುಸಾಲೆ, ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಅಂಗನವಾಡಿಗೆ ಬಂದು ಊಟ ಬಿಟ್ಟು ಮಲಗಿಬಿಡ್ತಾವೆ. ಬಸುರಿಯರ ಕಷ್ಟ ಹೇಳೋದೇ ಬೇಡ.

ಕಡಿಮೆ ಖರ್ಚಲ್ಲಿ ಆಗೋದು ಶೀಟ್ ಮೇಲೆ ಬಿಳಿ ಬಳಿಯೋದು. ಕೂಲ್ ರೂಫ್ ಪೇಂಟ್ ಅಂತಲೇ ಸಿಗುತ್ತೆ, ಅದು ಆಗಲಿಲ್ಲ ಅಂದ್ರೆ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟು, ಸುಣ್ಣ ಮಳೆಗೆ ತೊಳೆದು ಹೋಗೋದ್ರಿಂದ ಪ್ರತಿ ಫೆಬ್ರವರಿಲಿ ಮತ್ತೆ ಬಳಿಬೇಕು. ಒಳಗೆ ಎರಡು ಮೂರು ಡಿಗ್ರಿ ಇಳಿಯುತ್ತೆ. ಹೇಳೋಕೆ ಸಣ್ಣದು, ಆದ್ರೆ ರಾತ್ರಿ ಮಗು ಮಲಗುತ್ತೆ. ಅಹಮದಾಬಾದ್‌ನಲ್ಲಿ 2010ರ ಬಿಸಿಗಾಳಿಗೆ ತುಂಬಾ ಜನ ಸತ್ತ ಮೇಲೆ 2013ರಲ್ಲಿ ಊರಿಗೇ ಒಂದು ಬಿಸಿಲಿನ ಯೋಜನೆ ಮಾಡಿದ್ರು, ಅದರಲ್ಲಿ ಮುಂಚೆನೇ ಎಚ್ಚರಿಕೆ ಕೊಡೋದು, ಆಸ್ಪತ್ರೆಯವರಿಗೆ ಟ್ರೈನಿಂಗ್ ಎಲ್ಲ ಇದೆ, ಮುಂದೆ ಬಿಳಿ ಚಾವಣಿ ಕೆಲಸನೂ ಸೇರಿಸ್ಕೊಂಡ್ರು. ತೆಲಂಗಾಣದಲ್ಲಿ 2023ರಲ್ಲಿ ಕೂಲ್ ರೂಫ್ ಪಾಲಿಸಿನೇ ಬಂತು. ಬೆಂಗಳೂರು ತಂಪು ಊರು ಅನ್ನೋ ನಂಬಿಕೆಯಿಂದ ನಮ್ಮಲ್ಲಿ ಈ ಕಡೆ ಗಮನ ಕಡಿಮೆ ಅಂತ ನನಗೆ ಬೇಜಾರಿದೆ.

ಒಂದು ಎಚ್ಚರಿಕೆ. ಆ ಮನೆಗಳಿಗೆ ಓನರ್ ಬೇರೆ ಇರ್ತಾನೆ. ನೀವು ಬಿಳಿ ಬಳಿಸಿ ಚೆಂದ ಮಾಡಿದ ತಕ್ಷಣ ಬಾಡಿಗೆ ಏರಿಸಿದ್ರೆ ಬಡವರು ಎದ್ದು ಹೋಗ್ಬೇಕಾಗುತ್ತೆ. ಮೊದಲು ಓನರ್ ಹತ್ರ ಕೂತು ಮಾತಾಡಿ. ಹಳೇ ಸಿಮೆಂಟ್ ಶೀಟ್ ಆಗಿದ್ರೆ ಮೇಲೆ ಹತ್ತಿ ಓಡಾಡಬಾರದು, ಕುಸಿಯುತ್ತೆ, ಉಜ್ಜಿ ಕೆರೆಯಲೂಬಾರದು, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಏಣಿ ಹಾಕಿ ಕೋಲಿಗೆ ರೋಲರ್ ಕಟ್ಟಿ ಬಳಿಬೇಕು.

ಇನ್ನೊಂದು, ಇದು ದುಡ್ಡಿನ ವಿಷಯ ಅಲ್ಲ. ಒಂದು ನೋಟ್‌ಬುಕ್ ಮಾಡಿ. ಮೂರೂ ಕಡೆ, ಅಪಾರ್ಟ್‌ಮೆಂಟ್, ಲೇಔಟ್, ಶೀಟ್ ಮನೆ, ಒಬ್ಬಂಟಿ ವಯಸ್ಸಾದವರು ಯಾರು, ಬಸುರಿ ಬಾಣಂತಿ ಯಾರು, ಡಯಾಲಿಸಿಸ್‌ಗೆ ಹೋಗೋರು ಯಾರು, ನಡೆಯೋಕಾಗದವರು ಯಾರು, ಅವರ ಪಕ್ಕದ ಮನೆಯವರ ಫೋನ್ ನಂಬರ್ ಏನು. ಆ ಅಮ್ಮನನ್ನ ಕುರ್ಚಿ ಸಮೇತ ಎತ್ಕೊಂಡು ಬಂದ್ರು ಅಂತ ಬರೆದಿದೀರಲ್ಲ, ಅವರು ಒಬ್ಬರೇ ಇದ್ದಾರೆ ಅಂತ ಆ ಹುಡುಗ್ರಿಗೆ ಗೊತ್ತಿದ್ದಕ್ಕೇ ಅದು ಆಗಿದ್ದು. ಏರಿಯಾದ ಆಶಾ ಕಾರ್ಯಕರ್ತೆ ಹತ್ರ ಅರ್ಧ ಮಾಹಿತಿ ಈಗಾಗ್ಲೇ ಇರುತ್ತೆ, ಅವರನ್ನ ಕೂರಿಸಿ ಕಾಫಿ ಕೊಟ್ಟು ಗೌರವದಿಂದ ಕೇಳಿ. ಬಿಸಿಲು ಜೋರಿರೋ ವಾರ ಇವರೆಲ್ಲರ ಮನೆಗೆ ದಿನಕ್ಕೊಂದು ಸಲ ಯಾರಾದ್ರೂ ಹೋಗಿ ಮಾತಾಡಿಸಿದ್ರೆ ಸಾಕು. ಲೇಔಟಲ್ಲಿ ಕಮ್ಯುನಿಟಿ ಹಾಲ್ ಏನಾದ್ರೂ ಇದ್ರೆ ಏಪ್ರಿಲ್ ಮೇ ಮಧ್ಯಾಹ್ನ ಬೀಗ ತೆಗೆದಿಡಿ, ಫ್ಯಾನು, ಕುಡಿಯೋ ನೀರು, ಓಆರ್‌ಎಸ್ ಪ್ಯಾಕೆಟ್ಟು, ಅಷ್ಟಿದ್ರೆ ಆಯ್ತು.

ಜಕ್ಕೂರು ವಾಕರ್:

ತೆರಿಗೆದಾರ ಅವರ ಪ್ರಶ್ನೆಗೆ. ಸರ್ಕಾರದ ಕೆಲಸ ಸರ್ಕಾರನೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ರಾಜಕಾಲುವೆ ಅಗಲ ಮಾಡೋದು, ಒತ್ತುವರಿ ತೆಗೆಸೋದು, ಕಾವೇರಿ ತರೋದು ಯಾವ ಅಸೋಸಿಯೇಷನ್ ಕೈಲೂ ಆಗಲ್ಲ. ಕಾವೇರಿ ನೀರು ಬರೋದೇ ಸುಮಾರು 100 ಕಿಮೀ ದೂರದ ತೊರೆಕಾಡನಹಳ್ಳಿಯಿಂದ, ಹಂತ ಹಂತವಾಗಿ ಪಂಪ್ ಮಾಡಿ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯ ಸೇರ್ತು, ಅದು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ. ಒಳ್ಳೇದೇ, ಕನೆಕ್ಷನ್ ತಗೊಳ್ಳಿ. ಆದ್ರೆ 2023ರ ತರ ಮುಂಗಾರು ಕೈಕೊಟ್ಟ ವರ್ಷ ಆ ನದಿನೇ ಸೊರಗುತ್ತೆ, ಆಗ ಮಂಡ್ಯದ ರೈತರಿಗೂ ನಮಗೂ ಒಂದೇ ನೀರು.

ಜನ ಕೂತು ಮಾಡಿದ್ದರಿಂದ ಅಧಿಕಾರಿಗಳು ಆರಾಮಾಗಿ ಕೂತ್ರು ಅನ್ನೋದು ನಾನು ಕಂಡ ಕಡೆ ಆಗಿಲ್ಲ, ಉಲ್ಟಾ ಆಗಿದೆ. ಪುಟ್ಟೇನಹಳ್ಳಿ ಕೆರೆನ ನೋಡ್ಕೊಳ್ಳೋಕೆ ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡ್ಕೊಂಡು ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡ್ರು. ಕೈಕೊಂಡ್ರಹಳ್ಳಿ ಕೆರೆಯಲ್ಲೂ ಸುತ್ತಲಿನವರು ಪಾಲಿಕೆ ಜೊತೆ ಕೂತೇ ಯೋಜನೆ ಮಾಡಿದ್ದು. ನಮ್ಮ ಜಕ್ಕೂರಲ್ಲಿ ಜಲಮಂಡಳಿ ಶುದ್ಧೀಕರಣ ಘಟಕದಿಂದ ಬರೋ ನೀರು ಮೊದಲು ಜೊಂಡು ಬೆಳೆದಿರೋ ಜೌಗಿನ ಮೂಲಕ ಹಾದು, ಆಮೇಲೆ ಕೆರೆಗೆ ಬರುತ್ತೆ, ಅದ್ರಿಂದ ಮಳೆ ಕಡಿಮೆಯಾದ ವರ್ಷನೂ ಕೆರೇಲಿ ನೀರಿರುತ್ತೆ, ಸುತ್ತಲಿನ ಬಾವಿಗಳಲ್ಲೂ ಇರುತ್ತೆ. ಘಟಕ ಕಟ್ಟಿದ್ದು ಸರ್ಕಾರ. ಆದ್ರೆ ಕೆರೆಗೆ ಏನು ಬರ್ತಿದೆ, ನೊರೆ ಇದೆಯಾ, ವಾಸನೆ ಇದೆಯಾ ಅಂತ ದಿನಾ ಬೆಳಗ್ಗೆ ನೋಡಿ ತಕ್ಷಣ ಫೋನ್ ಮಾಡೋರು ಊರಿನವರು. ಎರಡರಲ್ಲಿ ಒಂದು ಇಲ್ಲ ಅಂದ್ರೂ ಆ ಕೆರೆ ನಿಲ್ಲಲ್ಲ.

ಇನ್ನು ಒತ್ತಡ ಹಾಕೋಕೆ ಹಿಡಿತ ಬೇಕಲ್ಲ, ಅದೂ ಇದೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಆಯ್ತು, ಪಾಲಿಕೆಯವರೇ ಒಪ್ಪಿಕೊಂಡ ದಾಖಲೆ ಅದು, ಮಳೆನೀರು, ನೆರಳು, ಪ್ರವಾಹ ಎಲ್ಲಾ ಅದರಲ್ಲಿದೆ. ಈಗ ಜಿಬಿಎ, ಅಂದ್ರೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಬಂದು ಐದು ಪಾಲಿಕೆ ಆಗಿದೆ, ನಿಮ್ಮ ಹೊಸ ಪಾಲಿಕೆಯ ಎಂಜಿನಿಯರ್ ಯಾರು ಅಂತ ತಿಳ್ಕೊಂಡು, ಏರಿ ಮೇಲಿನವ ಅವರು ಹೇಳಿದ ಆ ಫೋಟೋ ಮ್ಯಾಪ್ ಇಟ್ಕೊಂಡು ಹೋಗಿ. ಬರೀ ನೀರು ನುಗ್ಗುತ್ತೆ ಸರ್ ಅಂತ ಅರ್ಜಿ ಕೊಡೋದಕ್ಕೂ, ಇಂಥಾ ಕ್ರಾಸ್‌ನಲ್ಲಿ ಇಂಥಾ ಮೋರಿ ಇಷ್ಟಡಿ ಕಿರಿದಾಗಿದೆ, ಇದೇ ಜಾಗ, ಇಲ್ಲಿದೆ ಫೋಟೋ, ಮೂರು ಏರಿಯಾದವರ ಸಹಿ ಇದೆ ಅಂತ ಕೊಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ಮಳೆನೀರು ಕೊಯ್ಲಿನ ಕಾನೂನು 2009ರಿಂದಲೇ ಇದೆ, ಮೇಲಿನ ಅಪಾರ್ಟ್‌ಮೆಂಟ್‌ಗಳು ತಮ್ಮ ನೀರನ್ನ ಇಂಗಿಸದೆ ರಸ್ತೆಗೆ ಬಿಡ್ತಿದ್ರೆ ಅದನ್ನ ಕೇಳೋ ಹಕ್ಕು ನಿಮಗಿದೆ. ಆದ್ರೆ ಜಗಳದಿಂದ ಶುರು ಮಾಡಬೇಡಿ, ಅವರೂ ಟ್ಯಾಂಕರ್‌ಗೆ ದುಡ್ಡು ಸುರೀತಾನೇ ಇದಾರೆ, ಇಂಗಿಸಿದ್ರೆ ಲಾಭ ಅವರಿಗೂ ಇದೆ.

ಮೇಘಸಂದೇಶ ಆ್ಯಪ್ ಕೂಡ ಎಲ್ರ ಫೋನಲ್ಲಿ ಹಾಕ್ಸಿ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಮೇಲ್ಗಡೆ ಮಳೆ ಶುರುವಾಗಿದೆ ಅಂತ ಅರ್ಧ ಗಂಟೆ ಮುಂಚೆ ಗೊತ್ತಾದ್ರೂ ಗಾಡಿ ಎತ್ತಬಹುದು, ಸಂಪಿನ ಮುಚ್ಚಳ ಭದ್ರ ಮಾಡಬಹುದು, ಕೆಳಗಿನ ಸಾಲಿಗೆ ಫೋನ್ ಮಾಡಬಹುದು.

ಬಾವಿ ಕೆಲಸ:

ನಮಸ್ಕಾರ ಸರ್. ನಾವು ಭೋವಿ ಸಮುದಾಯದವರು, ಅಪ್ಪ ತಾತ ಎಲ್ಲಾ ಬಾವಿ ತೋಡಿದವರೇ, ಬೋರು ಬಂದ್ಮೇಲೆ ಕೆಲಸ ಇಲ್ಲದೆ ಎಷ್ಟೋ ಜನ ಕಟ್ಟಡದ ಪಾಯ ಅಗೆಯೋಕೆ ಹೋದ್ರು. ಈಗ ಹತ್ತು ಹದಿನೈದು ವರ್ಷದಿಂದ ಇಂಗುಬಾವಿ ಕೆಲಸ ಬರ್ತಿದೆ, ಕಬ್ಬನ್ ಪಾರ್ಕ್‌ನಲ್ಲಿ ಹಳೇ ಬಾವಿ ಏಳು ಹೂಳೆತ್ತಿ ಹೊಸದಾಗಿ 65 ಇಂಗುಬಾವಿ ಮಾಡಿದ್ರು, ನಮ್ಮ ಜನನೇ ಮಾಡಿದ್ದು. ನಿಮ್ಮ ಲೇಔಟಲ್ಲಿ ಬಾವಿ ಎಲ್ಲಿ ಅಂತ ನಿರ್ಧಾರ ಮಾಡೋ ಮುಂಚೆ ಮಣ್ಣು ನೋಡಿ. ಕೆಂಪು ಮಣ್ಣಿರೋ ಮೇಲಿನ ಕಡೆ ನೀರು ಬೇಗ ಇಳಿಯುತ್ತೆ. ಕೆಳಗಡೆ ಕಾಲುವೆ ಹತ್ರ ಜೇಡಿ ಮಣ್ಣು ಸಿಗುತ್ತೆ, ಅಲ್ಲಿ ತೋಡಿದ್ರೆ ಮಳೆಗಾಲದಲ್ಲಿ ಬಾವಿ ತಾನೇ ತುಂಬಿ ನಿಂತಿರುತ್ತೆ, ಇಂಗಲ್ಲ. ಅದಕ್ಕೆ ದುಡ್ಡನ್ನ ಮೇಲಿನ ಕ್ರಾಸ್‌ಗಳಿಗೆ ಹಾಕಿ, ಲಾಭ ಕೆಳಗಿನವರಿಗೆ ಆಗುತ್ತೆ. ರಿಂಗು ಜೋಡಿಸೋವಾಗ ಸಂದಿಗೆ ಸಿಮೆಂಟ್ ಮೆತ್ತಬೇಡಿ ಅಂತ ಮೇಸ್ತ್ರಿಗೆ ಹೇಳಿ, ಸುತ್ತ ಜಲ್ಲಿ ತುಂಬಿಸಿ, ತಳ ಹಾಗೇ ಮಣ್ಣೇ ಇರಲಿ. ಲೇಔಟಲ್ಲಿ ಹಳೇ ತೋಟದ ಬಾವಿ ಮುಚ್ಚಿರೋದು ಇದೆಯಾ ಅಂತ ಊರಿನ ಹಿರಿಯರನ್ನ ಕೇಳಿ, ಸಿಕ್ಕಿದ್ರೆ ಅದು ಹತ್ತು ಹೊಸ ಬಾವಿಗೆ ಸಮ. ಇನ್ನೊಂದು ಮಾತು, ಹಳೇ ಬಾವಿ ಒಳಗೆ ಗ್ಯಾಸ್ ಇರುತ್ತೆ, ಗೊತ್ತಿಲ್ಲದವರನ್ನ ಕಡಿಮೆ ಕೂಲಿಗೆ ಇಳಿಸಬೇಡಿ.

ಹೆಣ್ಣೂರಾಚೆ:

ಇಷ್ಟೊಂದು ಸಿಗುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಓದಿ ಮೀಟಿಂಗ್‌ಗೆ ಹೀಗೆ ಇಡೋಣ ಅಂತಿದೀನಿ. ಬೋರು, ಗೋಡೆ ಎರಡೂ ಸದ್ಯಕ್ಕೆ ನಿಲ್ಲಿಸೋದು. ಮೊದಲು ನಡಿಗೆ, ಮೂರೂ ಕಡೆಯವರನ್ನ ಕರೆದು. ಮೇಲಿನ ಎರಡು ಕ್ರಾಸ್‌ನಲ್ಲಿ ಪಾರ್ಕ್ ಅಂಚಿಗೆ ಅಸೋಸಿಯೇಷನ್ ದುಡ್ಡಲ್ಲಿ ಆರೇಳು ಇಂಗುಬಾವಿ, ಮನೆಯೊಳಗಿಂದು ಅವರವರೇ ಮಾಡ್ಕೊಂಡ್ರೆ ಅಸೋಸಿಯೇಷನ್‌ನಿಂದ ಫಿಲ್ಟರ್ ಫ್ರೀ. ಫೆಬ್ರವರಿ ಒಳಗೆ ಕೆಳಗಿನ ಸಾಲಿನ ಓನರ್‌ಗಳ ಹತ್ರ ಮಾತಾಡಿ ಶೀಟಿಗೆ ಬಿಳಿ ಬಳಿಸೋದು. ನೋಟ್‌ಬುಕ್ ಕೆಲಸ ನಮ್ಮ ಮನೆಯವರು ಮತ್ತೆ ಪಕ್ಕದ ಮನೆ ಆಂಟಿ ತಗೋತೀವಿ ಅಂದಿದ್ದಾರೆ. ಪಾರ್ಕ್ ಪಾಲಿಕೆದಾದ್ರಿಂದ ಅವರ ಪರ್ಮಿಷನ್ ಮೊದಲು ತಗೋತೀವಿ.

ಒಂದೇ ಡೌಟು ಉಳಿದಿದೆ. ಪಾರ್ಕ್ ಅಂಚಿನ ಬಾವಿಗಳಿಗೆ ಬರೋದು ತಾರಸಿ ನೀರಲ್ಲ, ರಸ್ತೆ ನೀರು. ಆಯಿಲ್ಲು, ನಾಯಿ ಗಲೀಜು, ಎಲ್ಲಾ ಬರುತ್ತೆ. ಅದನ್ನ ನೆಲದೊಳಗೆ ಬಿಡಬಹುದಾ?

ಮಳೆಲೆಕ್ಕ:

ಹಾಗೇ ಬಿಡಬಾರದು ಸರ್. ಬಾವಿಗೆ ಮುಂಚೆ ಎರಡು ಚೇಂಬರ್ ಕಟ್ಟಿಸಿ, ಮೊದಲನೇದರಲ್ಲಿ ಹೂಳು ಕೂರುತ್ತೆ, ಎಲೆ ಪ್ಲಾಸ್ಟಿಕ್‌ಗೆ ಜಾಲರಿ ಹಾಕಿ, ಎರಡನೇದರಲ್ಲಿ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ಹೀಗೆ ಪದರ. ರಸ್ತೆಯಿಂದ ಚೇಂಬರ್‌ಗೆ ಬರೋ ಮಧ್ಯ ಒಂದಷ್ಟು ಹುಲ್ಲಿನ ತಗ್ಗು ಬಿಟ್ರೆ ಇನ್ನೂ ಒಳ್ಳೇದು, ನೀರು ನಿಧಾನ ಆಗಿ ಅರ್ಧ ಕೊಳೆ ಅಲ್ಲೇ ಉಳಿಯುತ್ತೆ. ಯುಜಿಡಿ (ಒಳಚರಂಡಿ) ಚೇಂಬರ್ ಅಥವಾ ಮನೆಗಳ ಪಿಟ್ ಹತ್ರ ಬಾವಿ ತೋಡಲೇಬೇಡಿ, ಮಳೆಗೆ ಯುಜಿಡಿ ಉಕ್ಕೋ ಜಾಗ ಇದ್ರೆ ಆ ಕ್ರಾಸ್ ಬಿಟ್ಟುಬಿಡಿ. ಮೇ ತಿಂಗಳ ಮೊದಲ ಎರಡು ಮೂರು ಮಳೆ ನೀರನ್ನ ಬಾವಿಗೆ ಬಿಡದೆ ಮುಂದಕ್ಕೆ ಹರಿಸೋಕೆ ಒಂದು ಅಡ್ಡ ಹಲಗೆ ಇರಲಿ. ಬಾವಿ ನೀರನ್ನ ಕುಡಿಯೋಕೆ ಬಳಸಬೇಡಿ, ಗಿಡಕ್ಕೆ, ತೊಳೆಯೋಕೆ ಸಾಕು.

ಮುಖ್ಯವಾಗಿ ಚೇಂಬರಿನ ಹೂಳು ತೆಗೆಯೋದು ಯಾರು ಅಂತ ಈಗಲೇ ಹೆಸರು ಬರೆದುಕೊಳ್ಳಿ, ವರ್ಷಕ್ಕೆ ಎರಡು ಸಲ, ಏಪ್ರಿಲ್ ಶುರುವಿಗೆ ಒಂದು, ಆಗಸ್ಟ್ ಕೊನೆಗೆ ಒಂದು. ಅದರ ಕೂಲಿಯನ್ನ ಮೇಂಟೆನೆನ್ಸ್ ಬಜೆಟ್‌ನಲ್ಲೇ ಬೇರೆ ಲೈನ್ ಮಾಡಿ ಇಡಿ, 6 ಲಕ್ಷ ಪೂರ್ತಿ ತೋಡೋಕೇ ಖರ್ಚು ಮಾಡಬೇಡಿ. ಹೂಳು ಕಟ್ಟಿದ ಚೇಂಬರ್ ಎರಡೇ ಮಳೆಗಾಲಕ್ಕೆ ಬಾವಿನ ಮುಚ್ಚಿಹಾಕುತ್ತೆ.